ಸೋಮೇಶ್ವರ ಅಭಯಾರಣ್ಯದಲ್ಲಿ ಶಾಲಾ ಮಕ್ಕಳಿಗೆ ಋತುವಿಗೊಂದು ನಿಸರ್ಗ ನಡಿಗೆ: ಅನುಮತಿ ಹೇಗೆ, ಯಾವ ತಿಂಗಳು ಸೂಕ್ತ?

ಪ್ರಶ್ನೆ: ಉಡುಪಿಯ ಅಧ್ಯಾಪಕಿ

ನಾನು ಉಡುಪಿ ತಾಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಇಕೋ ಕ್ಲಬ್‌ನ ಮಕ್ಕಳನ್ನು ವರ್ಷಕ್ಕೊಮ್ಮೆ ಬಸ್ಸಿನಲ್ಲಿ ಕರೆದೊಯ್ದು ಜಲಪಾತ ತೋರಿಸಿ ತರುವ ಬದಲು, ಬಲ್ಲವರೊಬ್ಬರ ಜತೆಯಲ್ಲಿ ಒಂದೇ ಕಾಡಿನ ಒಂದೇ ದಾರಿಯಲ್ಲಿ ಮಳೆಗಾಲಕ್ಕೊಮ್ಮೆ, ಚಳಿಗಾಲಕ್ಕೊಮ್ಮೆ, ಬೇಸಿಗೆಗೊಮ್ಮೆ ನಡೆಸಬೇಕು ಎಂಬ ಆಲೋಚನೆ ನನ್ನದು. ಅದೇ ಮರ, ಅದೇ ತೋಡು ಬೇರೆ ಬೇರೆ ತಿಂಗಳಲ್ಲಿ ಹೇಗಿರುತ್ತದೆ ಎಂಬುದನ್ನು ಮಕ್ಕಳೇ ಬರೆದಿಡಲಿ ಎಂಬ ಆಸೆ. ಹೆಬ್ರಿಯ ಆಚೆಗಿನ ಸೋಮೇಶ್ವರ ಅಭಯಾರಣ್ಯ ಮನಸ್ಸಿನಲ್ಲಿದೆ. ಆಗುಂಬೆ ಘಾಟಿಗೆ ಹೋಗುವ ಹೆದ್ದಾರಿಯೇ ಅದರ ನಡುವೆ ಸಾಗುವುದರಿಂದ, ರಸ್ತೆಯ ಬದಿಯಲ್ಲಿ ಬಸ್ಸು ನಿಲ್ಲಿಸಿ ಅರ್ಧ ಕಿಲೋಮೀಟರ್ ಒಳಗೆ ನಡೆದು ಬರುವುದಕ್ಕೂ ಅನುಮತಿ ಬೇಕಾಗುತ್ತದೆಯೇ? ಎಂಟನೆಯ ತರಗತಿಯ ಅರುವತ್ತು ಮಕ್ಕಳನ್ನು ಒಟ್ಟಿಗೆ ಕರೆದೊಯ್ಯಬಹುದೇ? ಹೆತ್ತವರಿಗೆ ಉಂಬುಳ (ಜಿಗಣೆ) ಮತ್ತು ಹಾವುಗಳ ಹೆದರಿಕೆಯೂ ಇದೆ. ಅನುಭವಿಗಳು ದಯವಿಟ್ಟು ತಿಳಿಸಬೇಕು.

ಉತ್ತರ: ಕಾರ್ಕಳದ ಓದುಗ

ಟೀಚರ್, ಮೊದಲ ಪ್ರಶ್ನೆಗೆ ಉತ್ತರ ನೇರವಾಗಿದೆ: ಅನುಮತಿ ಬೇಕೇ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೆಯ ಕಲಮು ಅಭಯಾರಣ್ಯದೊಳಗೆ ಯಾರು ಕಾಲಿಡಬಹುದು ಎಂಬುದನ್ನು ಹೇಳುತ್ತದೆ. ಕರ್ತವ್ಯದ ಮೇಲಿರುವ ಸರ್ಕಾರಿ ನೌಕರರು, ಒಳಗೆ ಸ್ವಂತ ಜಮೀನಿನ ಹಕ್ಕುಳ್ಳವರು, ಪರವಾನಗಿ ಪಡೆದವರು ಮತ್ತು ಸಾರ್ವಜನಿಕ ಹೆದ್ದಾರಿಯಲ್ಲಿ ಹಾದುಹೋಗುವವರು ಆ ಪಟ್ಟಿಯಲ್ಲಿದ್ದಾರೆ. ಹೆದ್ದಾರಿಯ ವಿನಾಯಿತಿ ಹಾದುಹೋಗುವುದಕ್ಕೆ ಮಾತ್ರ ಸಲ್ಲುತ್ತದೆ. ಡಾಂಬರು ಬಿಟ್ಟು ಕಾಡಿನೊಳಗೆ ಇಳಿದ ಕೂಡಲೇ ಅದು ಮುಗಿಯಿತು. ಘಾಟಿಯ ತಿರುವುಗಳಲ್ಲಿ ವಾಹನ ನಿಲ್ಲಿಸಿ ಮಂಗಗಳಿಗೆ ಬಿಸ್ಕತ್ತು ಎಸೆಯುವವರಿಗೆ ಇದು ತಿಳಿದಿಲ್ಲವೋ, ತಿಳಿದೂ ಹಾಗೆ ಮಾಡುತ್ತಾರೋ ಹೇಳಲಾರೆ.

28ನೆಯ ಕಲಮಿನಲ್ಲಿ ವನ್ಯಜೀವಿಗಳ ಅಧ್ಯಯನ, ಛಾಯಾಗ್ರಹಣ, ವೈಜ್ಞಾನಿಕ ಸಂಶೋಧನೆ, ಪ್ರವಾಸ ಮುಂತಾದ ಉದ್ದೇಶಗಳಿಗೆ ಪರವಾನಗಿ ಕೊಡಲು ಅವಕಾಶವಿದೆ. ನಿಮ್ಮ ನಡಿಗೆ ಅಧ್ಯಯನವೆಂಬ ಉದ್ದೇಶಕ್ಕೆ ಚೆನ್ನಾಗಿ ಹೊಂದುತ್ತದೆ. 1974ರಲ್ಲಿ ಘೋಷಣೆಯಾದ ಸೋಮೇಶ್ವರ ಅಭಯಾರಣ್ಯ ಈಗ ಕುದುರೆಮುಖ ವನ್ಯಜೀವಿ ವಿಭಾಗಕ್ಕೆ ಸೇರಿದ್ದು, ಅದರ ಕಚೇರಿ ಕಾರ್ಕಳದಲ್ಲಿದೆ. ಶಾಲೆಯ ಲೆಟರ್‌ಹೆಡ್‌ನಲ್ಲಿ ಮುಖ್ಯೋಪಾಧ್ಯಾಯರ ಸಹಿಯೊಂದಿಗೆ, ದಿನಾಂಕ, ಮಕ್ಕಳ ಮತ್ತು ಜತೆಗಿರುವ ದೊಡ್ಡವರ ಸಂಖ್ಯೆ, ಉದ್ದೇಶ ಇವಿಷ್ಟನ್ನೂ ಬರೆದು ಸಾಕಷ್ಟು ಮುಂಚಿತವಾಗಿ ಕೊಡಿ. ದಾರಿಯನ್ನು ಮಾತ್ರ ನೀವೇ ನಿರ್ಧರಿಸಿ ಬರೆಯಬೇಡಿ. ಯಾವ ದಾರಿಯಲ್ಲಿ ಮಕ್ಕಳನ್ನು ಬಿಡಬಹುದು ಎಂದು ಅವರನ್ನೇ ಕೇಳಿದರೆ, ಆ ಭಾಗದ ಕಾಡು ಕಾಯುವ ಬೀಟಿನ ಸಿಬ್ಬಂದಿಗೆ ತಿಳಿದಿರುವ ಸುರಕ್ಷಿತ ದಾರಿ ಸಿಗುತ್ತದೆ ಮತ್ತು ಅರ್ಜಿ ತಿರಸ್ಕಾರವಾಗುವ ಸಂಭವವೂ ಕಡಿಮೆಯಾಗುತ್ತದೆ. ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಟಿಕೆಟ್ ಸಿಗುವುದು ನಿಗದಿತ ಚಾರಣಗಳಿಗೆ. ಶಿಖರ ಮುಟ್ಟುವ ಆ ಹಾದಿಗಳಲ್ಲಿ ಎಲೆಯೊಂದರ ಮುಂದೆ ಹತ್ತು ನಿಮಿಷ ನಿಲ್ಲುವುದಕ್ಕೆ ಯಾರಿಗೂ ವ್ಯವಧಾನವಿರುವುದಿಲ್ಲ.

ಉತ್ತರ: ಪದವಿನ ಕಪ್ಪೆ

ಮೇಲಿನವರು ಹೇಳಿದ ಕಾನೂನು ಸರಿ. ಆದರೆ ಒಂದೇ ದಾರಿಯನ್ನು ಮೂರು ಕಾಲದಲ್ಲೂ ನಡೆಯಬೇಕೆಂಬ ನಿಮ್ಮ ಯೋಜನೆಯನ್ನೇ ನಾನು ಸ್ವಲ್ಪ ಪ್ರಶ್ನಿಸುತ್ತೇನೆ. ಜುಲೈ ತಿಂಗಳಲ್ಲಿ ಘಟ್ಟದ ಬುಡದ ಕಾಡಿನಲ್ಲಿ ಮಳೆ ಬಿಡುವು ಕೊಡುವುದಿಲ್ಲ. ಮಕ್ಕಳು ಕೊಡೆ ಹಿಡಿದುಕೊಂಡು ಕಾಲಿನ ಉಂಬುಳ ಕೀಳುತ್ತಾ ನಿಂತರೆ ಪುಸ್ತಕದಲ್ಲಿ ಬರೆಯುವುದಕ್ಕೆ ಕೈಯೇ ಇರುವುದಿಲ್ಲ. ಅದೇ ಹೊತ್ತಿಗೆ ಉಡುಪಿ, ಮಣಿಪಾಲ, ಮಂಗಳೂರಿನ ಸುತ್ತಲಿನ ಪದವುಗಳಲ್ಲಿ, ಅಂದರೆ ಮುರಕಲ್ಲಿನ ಎತ್ತರದ ಬಯಲುಗಳಲ್ಲಿ, ವರ್ಷದ ಅತ್ಯುತ್ತಮ ನಿಸರ್ಗ ಪಾಠ ನಡೆಯುತ್ತಿರುತ್ತದೆ. ಬೇಸಿಗೆಯಲ್ಲಿ ಬರೀ ಕರಿಬಂಡೆಯಂತೆ ಕಾಣುವ ಮುರಕಲ್ಲಿನ ಮೇಲೆ ಬೆರಳಿನ ಆಳದ ಗುಳಿಗಳಲ್ಲಿ ನೀರು ನಿಂತು, ತುಳು ತಿಂಗಳಾದ ಆಟಿ ಕಳೆದು ಆಗಸ್ಟ್ ನಡುವಿನಲ್ಲಿ ಸೋಣ ಹುಟ್ಟುವ ಹೊತ್ತಿಗೆ ನೇರಳೆ ಬಣ್ಣದ ಯುಟ್ರಿಕ್ಯುಲೇರಿಯ, ಅಂಗಿಯ ಬಿಳಿ ಗುಂಡಿಯಂಥ ತಲೆಯ ಎರಿಯೊಕಾಲಾನ್, ಅಂಟುಹನಿಗಳಿಂದ ಹೊಳೆಯುವ ಡ್ರಾಸೆರ ಎಲ್ಲವೂ ಒಟ್ಟಿಗೆ ಕಾಣಿಸಿಕೊಳ್ಳುತ್ತವೆ. ಮಣ್ಣು ತೀರಾ ತೆಳುವಾಗಿ ಸಾರಜನಕಕ್ಕೆ ಕೊರತೆ ಇರುವುದರಿಂದಲೇ ಯುಟ್ರಿಕ್ಯುಲೇರಿಯ ಮತ್ತು ಡ್ರಾಸೆರ ಕೀಟಾಹಾರಿಗಳಾಗಿವೆ ಎಂಬುದನ್ನು ಎಂಟನೆಯ ತರಗತಿಯ ಮಗು ಮೊಣಕಾಲೂರಿ ಕುಳಿತು ಒಂದು ಲೆನ್ಸಿನಲ್ಲಿ ನೋಡಿದರೆ ಸಾಕು, ಮತ್ತೆ ಹೇಳಿಕೊಡಬೇಕಾಗಿಲ್ಲ.

ಕಪ್ಪೆಗಳ ವಿಷಯವಂತೂ ನಮ್ಮ ಜಿಲ್ಲೆಗಳ ಹೆಮ್ಮೆ. ಮಣಿಪಾಲದ ಮುರಕಲ್ಲಿನ ಪ್ರದೇಶದಿಂದ 2016ರಲ್ಲಿ ವಿವರಿಸಲಾದ ಮೈಕ್ರೋಹೈಲಾ ಲ್ಯಾಟರೈಟ್ ಎಂಬ ಕಪ್ಪೆ ಒಂದೂವರೆ ಸೆಂಟಿಮೀಟರಿನಷ್ಟೇ ಇದೆ, ಅದರ ಕೂಗನ್ನು ಕೇಳಿದವರು ಜೀರುಂಡೆಯೆಂದೇ ಭಾವಿಸುತ್ತಾರೆ. ಮಂಗಳೂರಿನ ಹಳೆಯ ಮರದ ದಾಸ್ತಾನು ಅಂಗಳವೊಂದರಲ್ಲಿ ಸಿಕ್ಕಿದ ಮತ್ತೊಂದು ಕಪ್ಪೆಗೆ 2018ರಲ್ಲಿ, ಕೊಂಕಣಿಯಲ್ಲಿ ಮಂಗಳೂರಿಗಿರುವ ಕೊಡಿಯಾಲ ಎಂಬ ಹೆಸರನ್ನೇ ಇಟ್ಟು ಮೈಕ್ರೋಹೈಲಾ ಕೊಡಿಯಾಲ್ ಎಂದು ಕರೆದರು. ಅದರ ಹತ್ತಿರದ ನೆಂಟರು ಆಗ್ನೇಯ ಏಷ್ಯಾದಲ್ಲಿರುವುದರಿಂದ, ಹಡಗಿನಲ್ಲಿ ಬಂದ ಮರದ ದಿಮ್ಮಿಗಳ ಜತೆ ಬಂದಿರಬಹುದೇ ಎಂಬ ಅನುಮಾನವೂ ಇದೆ. ಇವೆರಡೂ ಪತ್ತೆಯಾದದ್ದು ಅಭಯಾರಣ್ಯದ ಹೊರಗೆ ಎಂಬುದನ್ನು ಮಕ್ಕಳಿಗೆ ಖಂಡಿತ ಹೇಳಬೇಕು. ಸಂಜೆಯ ನಡಿಗೆಗೆ ಹೆತ್ತವರನ್ನೂ ಸೇರಿಸಿಕೊಳ್ಳಿ, ಟಾರ್ಚನ್ನು ನೆಲಕ್ಕೆ ಹಿಡಿಯಿರಿ, ಕಪ್ಪೆಯನ್ನು ಕೈಗೆತ್ತಿಕೊಳ್ಳಲು ಬಿಡಬೇಡಿ.

ಹೆತ್ತವರು ಹೆದರಬೇಕಾದದ್ದು ಉಂಬುಳಕ್ಕಲ್ಲ, ಕಲ್ಲುಕೋರೆಗಳಿಗೆ. ಕೆಂಪು ಕಲ್ಲು ಕಡಿದು ಹಾಗೆಯೇ ಬಿಟ್ಟ ಹೊಂಡಗಳು ಮಳೆಗಾಲದಲ್ಲಿ ತುಂಬಿ ನಿಂತಾಗ ಆಳ ತಿಳಿಯುವುದಿಲ್ಲ. ಅಂಚು ನೇರವಾಗಿ ಕಡಿದಿರುವುದರಿಂದ ಬಿದ್ದವರಿಗೆ ಹತ್ತಿ ಬರಲು ಆಧಾರವೂ ಸಿಗುವುದಿಲ್ಲ. ಮೊದಲು ನೀವೊಬ್ಬರೇ ಹೋಗಿ ನೋಡಿಕೊಂಡು ಬನ್ನಿ. ಗುಡುಗು ಕೇಳಿದರೆ ಬಯಲಿನಲ್ಲಿ ನಿಲ್ಲದೆ ಹೊರಟುಬಿಡಿ.

ಅಕ್ಟೋಬರ್, ನವೆಂಬರ್ ಚಿಟ್ಟೆಗಳ ಕಾಲ. ಈಶ್ವರಿ ಬಳ್ಳಿ ಇರುವ ಬೇಲಿಯನ್ನು ಹುಡುಕಿಕೊಂಡರೆ ನಮ್ಮ ರಾಜ್ಯದ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದನ್ನು ನೋಡುವ ಅವಕಾಶವಿದೆ. ಮೂಡುಬಿದಿರೆ ಬಳಿಯ ಬೆಳ್ವಾಯಿಯಲ್ಲಿ ಖಾಸಗಿ ಜಮೀನಿನಲ್ಲೇ ಸ್ಥಳೀಯ ಗಿಡಗಳನ್ನು ಬೆಳೆಸಿ, ಬಲೆ ಕಟ್ಟದೆ, ಹಾರಿ ಬರುವ ಚಿಟ್ಟೆಗಳನ್ನು ತೋರಿಸುವ ಉದ್ಯಾನವೂ ಇದೆ. ಅದು ತೆರೆದಿರುವ ಅವಧಿಯನ್ನು ಮೊದಲೇ ವಿಚಾರಿಸಿಕೊಳ್ಳಿ.

ಉತ್ತರ: ಸೀತಾನದಿ ತೀರದವ

ಹಿಂದಿನ ಉತ್ತರ ಓದಿದ ಮೇಲೆ ನಮ್ಮ ಕಾಡಿಗೆ ಯಾರೂ ಬರಬೇಕಾಗಿಲ್ಲವೇನೋ ಎಂದು ನಗು ಬಂತು. ಮಳೆ ಹೋಗಿ ದಾರಿ ಒಣಗಿದ ಮೇಲೆ ಸೋಮೇಶ್ವರಕ್ಕೆ ಬನ್ನಿ. ಸಿಂಗಳೀಕ, ಕೆಂಜಳಿಲು, ಭೀಮರಾಜ, ಮಂಗಟ್ಟೆ ಇವನ್ನು ಪದವಿನಲ್ಲಿ ನೋಡಲಾಗದು. ಸಿಂಗಳೀಕ ಮರದ ಮೇಲ್ಛಾವಣಿಯಲ್ಲೇ ಬದುಕುವ ಪ್ರಾಣಿಯಾದ್ದರಿಂದ, ಅದನ್ನು ನೋಡಬೇಕಾದರೆ ನಡೆಯುವುದಕ್ಕಿಂತ ಹಣ್ಣು ಬಿಟ್ಟ ಮರದ ಕೆಳಗೆ ಸುಮ್ಮನೆ ಕುಳಿತಿರುವುದೇ ಹೆಚ್ಚು ಉಪಯುಕ್ತ. ಅರುವತ್ತು ಮಕ್ಕಳು ಸುಮ್ಮನೆ ಕುಳಿತಿರಲು ಸಾಧ್ಯವಿಲ್ಲ. ಒಬ್ಬ ಮಾರ್ಗದರ್ಶಿಗೆ ಹನ್ನೆರಡು ಮಕ್ಕಳು ಸಾಕು, ಉಳಿದವರು ಬೇರೆ ದಿನ ಬರಲಿ. ಮಾರ್ಗದರ್ಶಿಯೂ ಊರಿನವರೇ ಆಗಿರಲಿ, ಈ ಕಾಡಿನ ಬುಡಕಟ್ಟಿನವರಾದ ಮಲೆಕುಡಿಯ ಹಿರಿಯರೊಬ್ಬರು ಸಿಕ್ಕಿದರೆ ಇನ್ನೂ ಒಳ್ಳೆಯದು. ಪಟ್ಟಣದ ಪರಿಣತರಿಗೆ ಕೊಡುವಷ್ಟೇ ಸಂಭಾವನೆಯನ್ನು ಅವರಿಗೂ ಕೊಡಿ.

ಒಂದು ವಿಷಯ ಮೇಲಿನ ಇಬ್ಬರೂ ಹೇಳಲಿಲ್ಲ. ಮಂಗಗಳಿಗೂ ಮನುಷ್ಯರಿಗೂ ತಗಲುವ ಜ್ವರವಾದ ಮಂಗನ ಕಾಯಿಲೆ 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರಿನಲ್ಲಿ ಕಾಣಿಸಿಕೊಂಡಂದಿನಿಂದ ಘಟ್ಟದ ಬುಡದ ಊರುಗಳನ್ನೂ ಬಿಟ್ಟಿಲ್ಲ. ಅದನ್ನು ಹರಡುವುದು ಉಣ್ಣಿಗಳು, ಮತ್ತು ಅವುಗಳ ಮರಿಗಳು ಚುರುಕಾಗುವುದು ನೀವು ಬರಲಿರುವ ಡಿಸೆಂಬರಿನಿಂದ ಮೇ ತಿಂಗಳ ನಡುವಿನ ಒಣ ಕಾಲದಲ್ಲಿ. ದಿನಾಂಕ ನಿಗದಿ ಮಾಡುವ ಮೊದಲು ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಂಗ ಸತ್ತ ವರದಿ ಇದೆಯೇ ಎಂದು ಕೇಳಿ, ಇದ್ದರೆ ಬರಲೇಬೇಡಿ. ತುಂಬು ತೋಳಿನ ಅಂಗಿ, ಕಾಲುಚೀಲದೊಳಗೆ ಸೇರಿಸಿದ ಪ್ಯಾಂಟು, ಉಣ್ಣಿ ಹತ್ತದಂತೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ, ಮನೆಗೆ ಮುಟ್ಟಿದ ಕೂಡಲೇ ಬಿಸಿನೀರಿನ ಸ್ನಾನ ಇವು ಕಡ್ಡಾಯ. ತರಗೆಲೆಯ ಮೇಲೆ ಕುಳಿತು ಊಟ ಮಾಡಿಸಬೇಡಿ. ಫೆಬ್ರವರಿಯ ನಂತರ ಕಾಳ್ಗಿಚ್ಚಿನ ಕಾರಣದಿಂದ ಪ್ರವೇಶವೇ ನಿಂತುಹೋಗಬಹುದು, ಆದ್ದರಿಂದ ಬೇಸಿಗೆಯ ನಡಿಗೆಯನ್ನು ಇಲ್ಲಿಗೆ ಇಟ್ಟುಕೊಳ್ಳದಿರುವುದೇ ವಾಸಿ.

ಮರುಪ್ರಶ್ನೆ: ಉಡುಪಿಯ ಅಧ್ಯಾಪಕಿ

ಮೂವರಿಗೂ ಕೃತಜ್ಞತೆಗಳು. ಮಂಗನ ಕಾಯಿಲೆಯ ಮಾತು ನನಗೆ ಹೊಳೆದಿರಲಿಲ್ಲ. ಸೋಣ ತಿಂಗಳಲ್ಲಿ ಪದವು, ಡಿಸೆಂಬರಿನ ಆರಂಭದಲ್ಲಿ ಚಿಕ್ಕ ತಂಡಗಳಾಗಿ ಸೋಮೇಶ್ವರ, ಬೇಸಿಗೆಯಲ್ಲಿ ಶಾಲೆಯ ಹಿಂದಿನ ಹಾಡಿಯಲ್ಲೇ (ಚಿಕ್ಕ ಕಾಡು) ರೆಂಜೆ, ಪುನರ್ಪುಳಿ ಮರಗಳನ್ನು ನೋಡುವುದು ಎಂದು ಯೋಜನೆ ಬದಲಿಸಿದ್ದೇನೆ. ಆದರೆ ಪದವಿಗೆ ಅನುಮತಿ ಕೊಡುವವರು ಯಾರು?

ಉತ್ತರ: ಪದವಿನ ಕಪ್ಪೆ

ಸ್ಥಳದ ಸರ್ವೆ ನಂಬರು ತಿಳಿದುಕೊಂಡು ಭೂಮಿ ಜಾಲತಾಣದಲ್ಲಿ ಪಹಣಿ ನೋಡಿ. ಖಾಸಗಿಯಾದರೆ ಮಾಲೀಕರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಸರ್ಕಾರಿ ಎಂದಿದ್ದರೆ ಗ್ರಾಮ ಆಡಳಿತಾಧಿಕಾರಿಯನ್ನು ವಿಚಾರಿಸಿ, ಪಂಚಾಯತಿಗೂ ಒಂದು ಪತ್ರ ಕೊಡಿ. ಅರಣ್ಯ ಎಂದಿದ್ದರೆ ಮತ್ತೆ ಅರಣ್ಯ ಇಲಾಖೆಯ ಕಚೇರಿಗೇ ಹೋಗಬೇಕು. ಪತ್ರದಲ್ಲಿ ಮಕ್ಕಳು ನೋಡಲಿರುವ ಗಿಡ ಮತ್ತು ಕಪ್ಪೆಗಳ ಹೆಸರನ್ನೂ ಬರೆಯಿರಿ. ಪಡುಭೂಮಿ ಎಂದು ದಾಖಲಾಗಿರುವ ಆ ಜಾಗದಲ್ಲಿ ಏನಿದೆ ಎಂಬುದು ಪಂಚಾಯತಿಯ ಕಡತದಲ್ಲಿ ಒಂದು ಕಡೆಯಾದರೂ ಇರಲಿ.