ಸುಮಾ, ಚೆಕ್ ರಘು ಹೆಸರಿಗೆ ಬರಬಾರದು

ಸುಮಾ, ನಿನ್ನ ಮೆಸೇಜ್ ನೋಡಿದೆ ಕಣಮ್ಮ. ರಘುವಿನ 401(ಕೆ), ಅಂದರೆ ಕೆಲಸದ ಕಡೆಯ ರಿಟೈರ್‌ಮೆಂಟ್ ಖಾತೆಯ ದುಡ್ಡಲ್ಲಿ ಆನ್ಯುಯಿಟಿ, ಅದೇ ಒಟ್ಟಿಗೆ ದುಡ್ಡು ಕಟ್ಟಿದರೆ ವಿಮಾ ಕಂಪನಿ ತಿಂಗಳ ಕಂತು ಕೊಡುವ ಯೋಜನೆ, ತಗೊಂಡರೆ ಕ್ಯಾಲಿಫೋರ್ನಿಯಾ ಎಷ್ಟು ಟ್ಯಾಕ್ಸ್ ಹಾಕುತ್ತದೆ, ಮಗಳ ಹತ್ತಿರ ಟೆಕ್ಸಾಸ್‌ಗೆ ಹೋದ ಮೇಲೂ ಬಿಡುವುದಿಲ್ಲವಾ ಅಂತ ಕೇಳಿದ್ದೀಯ. ಟೈಪ್ ಮಾಡೋದು ನನ್ನ ಕೈಲಾಗಲ್ಲ, ಮಾತಾಡಿಯೇ ಕಳಿಸುತ್ತಿದ್ದೇನೆ. ಪೂರ್ತಿ ಕೇಳು, ಅರ್ಧಕ್ಕೇ ಥಂಬ್ಸ್ ಅಪ್ ಒತ್ತಬೇಡ.

ಮೊದಲು ಒಂದು ವಿಷಯ. ಚೆಕ್ ರಘು ಹೆಸರಿಗೆ ಬರಬಾರದು. ಟ್ಯಾಕ್ಸ್ ಮಾತು ಆಮೇಲೆ.

ನಾನು ರಿಟೈರ್ ಆದಾಗ ಏನಾಯಿತು ಅಂತ ನಿಮ್ಮ ದೊಡ್ಡಮ್ಮನಿಗೆ ಗೊತ್ತು. ಒಬ್ಬ ಏಜೆಂಟ್ ಬಂದ. ಟೈ ಕಟ್ಟಿಕೊಂಡು, ಬಲು ನಯವಾದ ಮಾತು. ನಾನು ಹೇಳಿದ್ದು 401(ಕೆ)ನಿಂದ ನೇರವಾಗಿ ಆನ್ಯುಯಿಟಿ ಕಂಪನಿಗೆ ರೋಲ್‌ಓವರ್, ಅಂದರೆ ತೆರಿಗೆ ಬೀಳದ ಹಾಗೆ ವರ್ಗಾವಣೆ, ಮಾಡಿಸಪ್ಪಾ ಅಂತ. ಅವನು ಅರ್ಜಿಯಲ್ಲಿ ದುಡ್ಡು ನನ್ನ ಕೈಗೆ ಬರಲಿ ಅಂತ ಗುರುತು ಹಾಕಿಬಿಟ್ಟ. ಎರಡು ಲಕ್ಷ ಡಾಲರ್ ಬರಬೇಕಿತ್ತು. ಫೆಡರಲ್, ಅಂದರೆ ಕೇಂದ್ರ ಸರ್ಕಾರದ ತೆರಿಗೆ ಅಂತ ನೂರಕ್ಕೆ 20, ಅಂದರೆ 40,000 ಹಿಡಿದುಕೊಂಡರು. ಅದರ ಹತ್ತನೇ ಒಂದು ಭಾಗ, 4,000, ಕ್ಯಾಲಿಫೋರ್ನಿಯಾದ ಲೆಕ್ಕಕ್ಕೆ. ಕೈಗೆ ಬಂದದ್ದು 1,56,000. ಇನ್ನು 60 ದಿನದೊಳಗೆ ಪೂರ್ತಿ ಎರಡು ಲಕ್ಷ ಆನ್ಯುಯಿಟಿ ಕಂಪನಿಗೆ ಕಟ್ಟಬೇಕು. ಹಿಡಿದುಕೊಂಡ 44,000 ನಾನೇ ಎಲ್ಲಿಂದಲಾದರೂ ತಂದು ಸೇರಿಸಬೇಕು. ಇಲ್ಲದಿದ್ದರೆ ಕಟ್ಟದೆ ಉಳಿದಷ್ಟೂ ಆ ವರ್ಷದ ವರಮಾನ, ಫೆಡರಲ್‌ಗೂ ಸ್ಟೇಟ್‌ಗೂ ತೆರಿಗೆ. ಹಿಡಿದದ್ದು ವಾಪಸ್ ಬರುವುದು ಮುಂದಿನ ವರ್ಷ ರಿಟರ್ನ್ ಹಾಕಿದ ಮೇಲೆ.

ಆಗ ಯಾರನ್ನು ಕೇಳುವುದು ಹೇಳು? ತಮ್ಮ ಶ್ರೀನಿವಾಸನಿಗೆ ಫೋನ್ ಮಾಡಿದೆ. ‘ಎಲ್ಲಾ ಎಫ್‌ಡಿಯಲ್ಲಿದೆ ಅಣ್ಣಾ’ ಅಂದ. ಶೀನಾ, ನೀನೂ ಈ ಗ್ರೂಪಿನಲ್ಲಿದ್ದೀಯ, ಕೇಳಿಸಿಕೋ. ನಿನ್ನ ಜಯನಗರದ ಮನೆ ಗೃಹಪ್ರವೇಶಕ್ಕೆ ಮುಂಚೆ ಕಂಟ್ರಾಕ್ಟರ್ ದುಡ್ಡಿಗೆ ಕೂತಾಗ ನಾನು ಎಫ್‌ಡಿ ಅಂದಿದ್ದೆನಾ? ಅವತ್ತೇ ಕಳಿಸಿರಲಿಲ್ಲವಾ? ಹೋಗಲಿ ಬಿಡು, ಹಳೆಯದನ್ನು ಕೆದಕಬಾರದು ಅನ್ನುತ್ತಾಳೆ ನಿಮ್ಮ ದೊಡ್ಡಮ್ಮ. ಕೊನೆಗೆ ಸಾಲ ಕೊಟ್ಟವನು ಕೆಲಸದ ಜೊತೆಗಾರ ಒಬ್ಬ ಪಂಜಾಬಿ. ರಕ್ತಸಂಬಂಧವಲ್ಲ!

ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ, ಚೆಕ್ ರಘು ಹೆಸರಿಗೆ ಬರಬಾರದು. ‘ಡೈರೆಕ್ಟ್ ರೋಲ್‌ಓವರ್’ ಅಂತಲೇ ಬರೆಸು. ಹಾಗೆ ಮಾಡಿದರೆ ಕೊಳ್ಳುವಾಗ ವರಮಾನ ತೆರಿಗೆ ಇಲ್ಲವೇ ಇಲ್ಲ.

ಹಾಂ, ನೀನು ಕೇಳಿದ್ದು ಸ್ಟೇಟ್ ಟ್ಯಾಕ್ಸ್ ಅಲ್ವಾ? ಮರೆತೇಬಿಟ್ಟಿದ್ದೆ. ಕ್ಯಾಲಿಫೋರ್ನಿಯಾದಲ್ಲಿ ಆನ್ಯುಯಿಟಿಗೆ ಕಟ್ಟುವ ದುಡ್ಡಿನ ಮೇಲೆ ಪ್ರೀಮಿಯಂ ಟ್ಯಾಕ್ಸ್ ಅಂತ ಒಂದಿದೆ. ಕಟ್ಟುವುದು ಕಂಪನಿ, ಭಾರ ಬೀಳುವುದು ನಮ್ಮ ಮೇಲೆ. ರಿಟೈರ್‌ಮೆಂಟ್ ಖಾತೆಯ ದುಡ್ಡಾದರೆ ನೂರಕ್ಕೆ ಅರ್ಧ ಡಾಲರ್, ಹೊರಗಿನ ಉಳಿತಾಯವಾದರೆ 2.35. ಎರಡು ಲಕ್ಷಕ್ಕೆ 1,000 ಎಲ್ಲಿ, 4,700 ಎಲ್ಲಿ! ಅದಕ್ಕೆ ಅರ್ಜಿಯಲ್ಲಿ ‘ಕ್ವಾಲಿಫೈಡ್’, ಅಂದರೆ ರಿಟೈರ್‌ಮೆಂಟ್ ಖಾತೆಯ ದುಡ್ಡು, ಅನ್ನುವ ಕಡೆ ಗುರುತು ಬಿದ್ದಿದೆಯಾ ಅಂತ ನೀನೇ ನೋಡು. ಟೆಕ್ಸಾಸ್‌ನಲ್ಲಿ ಆನ್ಯುಯಿಟಿಗೆ ಈ ತೆರಿಗೆಯೇ ಇಲ್ಲ. ಹೇಗೂ ಹೋಗುವವರು, ಅಲ್ಲಿ ಮನೆ ಮಾಡಿದ ಮೇಲೇ ತಗೊಳ್ಳಿ.

ತಿಂಗಳ ಕಂತಿಗೆ ವರಮಾನ ತೆರಿಗೆ ಹಾಕುವುದು ಆಗ ನೀವು ಇರುವ ಸ್ಟೇಟ್. ಇಲ್ಲಿರುವಷ್ಟು ದಿನ ಕ್ಯಾಲಿಫೋರ್ನಿಯಾ ಸಂಬಳದ ಹಾಗೆಯೇ ಹಾಕುತ್ತದೆ. ಟೆಕ್ಸಾಸ್‌ನಲ್ಲಿ ಸ್ಟೇಟ್ ವರಮಾನ ತೆರಿಗೆ ಇಲ್ಲ. ಇಲ್ಲಿ ದುಡಿದದ್ದು ಅಂತ ಕ್ಯಾಲಿಫೋರ್ನಿಯಾ ಬೆನ್ನು ಹತ್ತುವ ಹಾಗೂ ಇಲ್ಲ. 401(ಕೆ), ಐಆರ್‌ಎ ತರಹದ ರಿಟೈರ್‌ಮೆಂಟ್ ದುಡ್ಡಿಗೆ ಬಿಟ್ಟುಬಂದ ಸ್ಟೇಟ್ ಕೈ ಹಾಕಬಾರದು ಅಂತ 1996ರಿಂದಲೇ ಫೆಡರಲ್ ಕಾನೂನಿದೆ. ಆದರೆ ನಿಜವಾಗಿ ಹೋಗಿರಬೇಕು. ಲೈಸೆನ್ಸ್, ವೋಟು, ಮನೆ ಎಲ್ಲಾ ಅಲ್ಲಿಗೇ. ವರ್ಷದಲ್ಲಿ ಮುಕ್ಕಾಲು ಪಾಲು ಇಲ್ಲಿ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲೇ ಕೂತು ಟೆಕ್ಸಾಸ್ ಅಂದರೆ ಒಪ್ಪುವುದಿಲ್ಲ.

ಸಹಿ ಹಾಕುವ ಮುಂಚೆ ಅರ್ಜಿಯ ಫೋಟೋ ನನಗೆ ಕಳಿಸು. ಗ್ರೂಪಿಗೆ ಬೇಡ, ಎಷ್ಟು ದುಡ್ಡು ಅಂತ ಎಲ್ಲರೂ ನೋಡುತ್ತಾರೆ.