ಸಹಾಯ ಬೇಕು: ಇಲಿ ಇಮೇಜಿಂಗ್‌ಗೆ ಯಾವ ನಿಯರ್ ಇನ್‌ಫ್ರಾರೆಡ್ ಡೈ?

ಎಲ್ರಿಗೂ ನಮಸ್ಕಾರ, ಜೀವಂತ ಇಲಿಗಳಲ್ಲಿ ಫ್ಲೋರೆಸೆನ್ಸ್ ಇಮೇಜಿಂಗ್ (ಬೆಳಕು ಬಿಟ್ಟಾಗ ಡೈ ಹೊಳೆಯೋದನ್ನ ಕ್ಯಾಮೆರಾದಲ್ಲಿ ಹಿಡಿಯೋದು) ಮಾಡಿರೋರು ಯಾರಾದ್ರೂ ಇದ್ರೆ ಸ್ವಲ್ಪ ಹೇಳಿ. ಟ್ಯೂಮರ್‌ಗೆ ಹೋಗಿ ಕೂರೋ ಆಂಟಿಬಾಡಿಗೆ ಡೈ ಸೇರಿಸಿ ಎರಡ್ಮೂರು ದಿನ ನೋಡ್ತಾ ಇರ್ಬೇಕು. ಐಸಿಜಿ (ಇಂಡೋಸಯನೀನ್ ಗ್ರೀನ್ ಅನ್ನೋ ಹಸಿರು ಡೈ) ಇದಕ್ಕೆ ಆಗಲ್ಲ, ರಕ್ತದಲ್ಲಿರೋ ಪ್ರೋಟೀನಿಗೆ ಅಂಟ್ಕೊಂಡು ನಿಮಿಷಗಳಲ್ಲೇ ಲಿವರ್ ಸೇರ್ಬಿಡತ್ತೆ, ನೀರಲ್ಲಿ ಕಲಸಿಟ್ರೆ ಬೆಳಕಿಗೆ ಆ ಹಸಿರು ಬಣ್ಣನೂ ಮಾಸ್ತಾ ಹೋಗತ್ತೆ. ಹಾಗಾಗಿ 800 ನ್ಯಾನೋಮೀಟರ್ ಹತ್ರ ಹೊಳೆಯೋ, ನೀರಲ್ಲಿ ಚೆನ್ನಾಗಿ ಕರಗಲಿ ಅಂತ ಸಲ್ಫೋನೇಟ್ ಗುಂಪು ಜಾಸ್ತಿ ಇರೋ ಸಯನೀನ್ ಡೈ, ಎನ್‌ಎಚ್‌ಎಸ್ ಎಸ್ಟರ್ ರೂಪದ್ದು (ಆಂಟಿಬಾಡಿಗೆ ತಾನೇ ಅಂಟ್ಕೊಳ್ಳೋ ಥರದ್ದು) ತಗೊಳ್ಳೋಣ ಅಂತಿದೀನಿ. ಒಂದು ಆಂಟಿಬಾಡಿಗೆ ಎಷ್ಟು ಡೈ ಕೂರಿಸ್ತೀರಾ? ಜಾಸ್ತಿ ತುರುಕಿದ್ರೆ ಒಂದರ ಹೊಳಪು ಇನ್ನೊಂದು ನುಂಗತ್ತೆ, ಲಿವರ್‌ಗೂ ಬೇಗ ಎಳ್ಕೊಂಡು ಹೋಗತ್ತೆ, ಅದೇ ತಲೆನೋವು.

ಇನ್ನೊಂದು, ಕ್ಯಾಮೆರಾದ 700 ನ್ಯಾನೋಮೀಟರ್ ಚಾನೆಲ್‌ನಲ್ಲಿ ಡೈ ಕೊಡದೇ ಇರೋ ಇಲಿಯ ಹೊಟ್ಟೇನೂ ಝಗಮಗ ಅಂತಿದೆ! ಮೇವಲ್ಲಿರೋ ಅಲ್ಫಾಲ್ಫಾ ಸೊಪ್ಪಿನ ಕ್ಲೋರೊಫಿಲ್ ಕಿತಾಪತಿ ಇದು, ಅಲ್ಫಾಲ್ಫಾ ಇಲ್ಲದ ಮೇವು ಎಷ್ಟು ದಿನ ಮುಂಚೆಯಿಂದ ಕೊಡ್ತೀರಾ? 1000 ನ್ಯಾನೋಮೀಟರ್ ದಾಟಿದ ಡೈ ತಗೊಳ್ಳಿ ಅನ್ನೋರಿಗೆ ಮೊದ್ಲೇ ಹೇಳ್ಬಿಡ್ತೀನಿ, ನಮ್ದು ಸಿಲಿಕಾನ್ ಕ್ಯಾಮೆರಾ, ಅಷ್ಟು ದೂರ ಅದಕ್ಕೆ ಕಣ್ಣು ಕಾಣಲ್ಲ, ಅಷ್ಟು ದೂರ ನೋಡೋ ಇಂಡಿಯಂ ಗ್ಯಾಲಿಯಂ ಆರ್ಸೆನೈಡ್ ಕ್ಯಾಮೆರಾ ಸದ್ಯಕ್ಕೆ ಕನಸಷ್ಟೇ 😅 ಮಾಡಿ ನೋಡಿರೋರು ದಯವಿಟ್ಟು ಡೈ ಹೆಸರು, ಕೊಟ್ಟ ಡೋಸ್ ಎರಡೂ ಬರೀರಿ.