ಚನ್ನರಾಯನದುರ್ಗ ಹತ್ತಿದವರು ಯಾರಾದರೂ ಇದ್ದೀರಾ? ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗ, ಅದೇ ನಮ್ಮ ಸಿ.ಎನ್. ದುರ್ಗದ ಬೆಟ್ಟಕ್ಕೆ ಅಪ್ಪನ ಜೊತೆ ಹೋಗಬೇಕು ಅಂತಿದ್ದೇನೆ. ಮರಾಠರು, ಮೈಸೂರಿನವರು ಕಿತ್ತಾಡಿದ ಕೋಟೆ. ಆದರೂ ಜನ ಎಲ್ಲ ಮಧುಗಿರಿಗೇ ಓಡುತ್ತಾರೆ, ಈ ಕಡೆ ತಿರುಗಿ ನೋಡುವವರು ಕಮ್ಮಿ. ನನಗಂತೂ ಅದೇ ಒಳ್ಳೆಯದು ಅನಿಸುತ್ತೆ.

ತೊಂದರೆ ದಾರಿಯದ್ದು. ಹೋದ ಸಲ ಮಳೆ ಮುಗಿದ ಹೊಸದರಲ್ಲಿ ಹೋಗಿದ್ದೆ. ಸ್ವಲ್ಪ ಮೇಲೆ ಹೋಗುತ್ತಿದ್ದಂತೆ ಸೊಂಟದವರೆಗೆ ಹುಲ್ಲು, ಮಧ್ಯೆ ಮಧ್ಯೆ ಲಂಟಾನ. ಹುಲ್ಲು ಸರಿಸಿ ನೋಡಿದರೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಕುರಿ ಓಡಾಡಿದ ಜಾಡು. ಯಾವುದು ಕೋಟೆ ಬಾಗಿಲಿಗೆ ಹೋಗುತ್ತೆ ಅಂತ ಗೊತ್ತಾಗಲಿಲ್ಲ. ಪ್ಯಾಂಟಿನ ತುಂಬ ಮುಳ್ಳುಬೀಜ ಅಂಟಿಸಿಕೊಂಡು ವಾಪಸ್ ಬಂದೆ.

ಈಗ ಹುಲ್ಲು ಒಣಗಿ ಜಾಡು ಕಾಣುತ್ತಿದೆಯಾ? ಇತ್ತೀಚೆಗೆ ಹೋದವರು ಹೇಳಿ. ಮೇಲಿನ ದೊಣೆಯಲ್ಲಿ ನೀರಿದ್ದರೂ ಕುಡಿಯೋಕೆ ಧೈರ್ಯ ಇಲ್ಲ, ನೀರು ಕೆಳಗಿಂದಲೇ ಹೊತ್ತುಕೊಂಡು ಹೋಗುತ್ತೇವೆ. ಈ ಭಾಗದಲ್ಲಿ ಕರಡಿ, ಚಿರತೆ ಇದ್ದೇ ಇವೆ, ಅದಕ್ಕೆ ಬೆಳಕು ಹರಿದ ಮೇಲೆಯೇ ಹತ್ತೋದು. ಬಂಡೆಗೆ ಹೆಜ್ಜೇನು ಕಟ್ಟಿದ್ದರೆ ಯಾವ ಕಡೆ ಅಂತ ತಿಳಿಸಿ. ಅಪ್ಪನಿಗೆ ಅರವತ್ತು ದಾಟಿದೆ, ಓಡೋಕೆ ಆಗಲ್ಲ.

ಊರಿನವರೇ ಯಾರಾದರೂ ದಾರಿ ತೋರಿಸೋಕೆ ಬರುತ್ತಾರಾ? ಕೂಲಿ ಕೊಡುತ್ತೇವೆ, ಊಟವೂ ನಮ್ಮದೇ. ತುಮಕೂರಿಂದ ಕೊರಟಗೆರೆವರೆಗೆ ಬಸ್ಸಿನ ಚಿಂತೆ ಇಲ್ಲ. ಅಲ್ಲಿಂದ ದುರ್ಗಕ್ಕೆ ಬೆಳಿಗ್ಗೆ ಬಸ್ ಇದೆಯಾ, ಆಟೋನೇ ಗತಿನಾ? ಮ್ಯಾಪ್ ಲಿಂಕ್ ಬೇಡ, ಅದು ಬುಡದ ತನಕ ಮಾತ್ರ ತಾನೇ. ನಂಬರ್ ಇದ್ದರೆ ಇನ್‌ಬಾಕ್ಸ್‌ಗೆ ಹಾಕಿ, ಇಲ್ಲಿ ಕಮೆಂಟ್‌ನಲ್ಲಿ ಬೇಡ.